ಎಡಗೈ ಕೊಟ್ಟ ತಂಡ

ಆ ವರ್ಷ ಸೋಲು ನಮಗೆ ಅಭ್ಯಾಸವಾಗಿಬಿಟ್ಟಿತ್ತು. ಆಟ ಮುಗಿಸಿ ಲಾರಿ ಹತ್ತುವಾಗ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಲಾರಿ ಎಸ್ಟೇಟಿನ ಗೇಟು ದಾಟಿ ಕೂಲಿಯವರ ಸಾಲುಮನೆಗಳ ಲೈನಿನ ಮುಂದೆ ಬಂದರೆ ಹೆಂಗಸರು ಬಾವಿಕಟ್ಟೆಯಿಂದಲೇ ಕೂಗುತ್ತಿದ್ದರು, "ಎಷ್ಟು?" ಗೆದ್ದಿರಾ ಅಂತ ಕೇಳುವುದನ್ನು ಬಿಟ್ಟು ಎಷ್ಟು ಗೋಲು ತಿಂದಿರಿ ಅಂತ ಕೇಳುವಲ್ಲಿಗೆ ಬಂದಿತ್ತು ನಮ್ಮ ಮರ್ಯಾದೆ.

ನಾನು ಆ ತಂಡದ ರೈಟ್ ಬ್ಯಾಕ್. ಹಾಕಿ ಆಡುವುದಕ್ಕೇ ಎಸ್ಟೇಟು ನನಗೆ ಸಂಬಳ ಕೊಡುತ್ತಿತ್ತು. ಕೊಡಗಿನಲ್ಲಿ ಕೋಲು ಹಿಡಿಯದ ಗಂಡಸಿಲ್ಲ, ನಿಜ. ಆದರೆ ಕೋಲಿನಿಂದಲೇ ಅನ್ನ ತಿನ್ನುವವರು ಕಡಿಮೆ. ಹಿಂದೆ ಇದ್ದ ಬಿಳಿ ದೊರೆಗೆ ಹಾಕಿಯ ಹುಚ್ಚು. ಮಾದಾಪುರದ ಆಚೀಚೆ ಎಲ್ಲಿ ಯಾರು ಚೆನ್ನಾಗಿ ಆಡಿದರೂ ಕರೆದು ತಂದು, ಹೆಸರಿಗೊಂದು ಕೆಲಸ, ಲೈನಿನಿಂದ ಬೇರೆಯಾಗಿ ಒಂದು ಹೆಂಚಿನ ಮನೆ ಕೊಟ್ಟು ಇಟ್ಟುಕೊಳ್ಳುತ್ತಿದ್ದ. ಕಾಫಿ ಪಿಕಿಂಗ್ ಮುಗಿದು ಗಿಡ ಹೂಬಿಡಿಸುವ ಹೂಮಳೆ ಬೀಳುವ ಹೊತ್ತಿಗೆ ಎಸ್ಟೇಟು ಎಸ್ಟೇಟಿಗೆ ಪಂದ್ಯ ಶುರು. ಮುಂಗಾರು ಹಿಡಿದರೆ ಮುಗಿಯಿತು. ತೋಟದ ಕೆಲಸದವರು ನಮಗೆ ಇಟ್ಟ ಹೆಸರು 'ಕೋಲು ಸಂಬಳದವರು'. ಅದನ್ನು ಅವರು ಬೈಗುಳದಂತೆ ಹೇಳುತ್ತಿದ್ದರು. ನಾನು ಬಿರುದಿನಂತೆ ಕೇಳಿಸಿಕೊಳ್ಳುತ್ತಿದ್ದೆ.

ಯಾಕೆಂದರೆ ನಾನು ಮನೆ ಬಿಟ್ಟು ಬಂದದ್ದೇ ಆ ಮಾತಿನ ಮೇಲೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಡಿಸಿ ಅಪ್ಪ ನನ್ನನ್ನು ಗದ್ದೆಗೆ ಇಳಿಸಿದ್ದರು. ಅಪ್ಪ ಹೋದ ಮೇಲೆ ಯಜಮಾನಿಕೆ ಅಣ್ಣನದು. ದುಡಿಮೆಗೆ ನಾನು ಹೆದರಿದವನಲ್ಲ. ಊರಿನಲ್ಲಿ ನನ್ನಷ್ಟು ನೆಟ್ಟಗೆ ಉಳುವವರು ಇರಲಿಲ್ಲ. ಆದರೆ ಒಂದು ದಿನ ಪಂದ್ಯಕ್ಕೆ ಹೋಗಿ ತಡವಾಗಿ ಬಂದಾಗ ಅಣ್ಣ ನೆಂಟರ ಮುಂದೆಯೇ, "ಕೋಲು ಬೀಸಿದ್ರೆ ಹೊಟ್ಟೆ ತುಂಬ್ತದಾ?" ಎಂದ. "ತುಂಬಿಸಿ ತೋರಿಸ್ತೇನೆ" ಎಂದು ಹೇಳಿ, ಹೆಂಡತಿಯನ್ನು ಕರೆದುಕೊಂಡು, ಒಂದು ಟ್ರಂಕು, ಒಂದು ಕೋಲು ಹೊತ್ತು ಬಂದವನು ನಾನು. ಆಮೇಲೆ ಆ ಮನೆಯ ಹೊಸಿಲು ತುಳಿದಿರಲಿಲ್ಲ.

ಬಿಳಿ ದೊರೆ ತೋಟ ಮಾರಿ ಹಡಗು ಹತ್ತಿದ. ಅವನ ಬಂಗಲೆಗೆ ನಮ್ಮ ದೇಶದವರೇ ಒಬ್ಬರು ಮ್ಯಾನೇಜರಾಗಿ ಬಂದರು. ಓದಿದವರು, ಬೆಳಿಗ್ಗೆ ಎಲ್ಲರಿಗಿಂತ ಮೊದಲು ತೋಟದಲ್ಲಿರುವವರು, ಆಟ ಗೊತ್ತಿಲ್ಲದವರು. ನಾವು ಒಂದರ ಹಿಂದೆ ಒಂದು ಸೋಲುವುದನ್ನು ಅವರು ಬೆತ್ತದ ಕುರ್ಚಿಯಲ್ಲಿ ಕುಳಿತು, ತುಟಿ ಎರಡು ಮಾಡದೆ ನೋಡಿದರು. ಕೊನೆಗೆ ಒಂದು ದಿನ ನಮ್ಮೆಲ್ಲರನ್ನೂ ಕಾಫಿ ಒಣಗಿಸುವ ಕಣದಲ್ಲಿ ನಿಲ್ಲಿಸಿ ಹೇಳಿದರು:

"ನೋಡಿ, ನಾನು ಜಾಸ್ತಿ ಕೇಳೋದಿಲ್ಲ. ಈ ಸೀಸನ್ ಮುಗಿಯೋದ್ರೊಳಗೆ ಒಂದು ಪಂದ್ಯ ಗೆಲ್ಲಿ. ಒಂದೇ ಒಂದು. ಗೆದ್ರೆ ತಂಡ ಇರ್ತದೆ. ಇಲ್ಲದಿದ್ರೆ ಮುಂದಿನ ವರ್ಷದಿಂದ ಈ ತೋಟದಲ್ಲಿ ಕೋಲಿಗೆ ಸಂಬಳ ಇಲ್ಲ."

ಆ ದಿನ ನಮ್ಮ ಮುಂದೆ ಇನ್ನೂ ಅನೇಕ ಪಂದ್ಯಗಳಿದ್ದವು. ಅಷ್ಟರಲ್ಲಿ ಒಂದಾದರೂ ಬಾರದೇ ಎಂಬ ಧೈರ್ಯವಿತ್ತು.

ಆಗ ಬಂದಳು ಅಮ್ಮ.

ಸಿಡುಬು ಎಂದು ಬಾಯಿಬಿಟ್ಟು ಹೇಳುವವರು ಆಗ ಇರಲಿಲ್ಲ. ಸಿದ್ದಾಪುರದ ಕಡೆಯ ಲೈನುಗಳಲ್ಲಿ ಅಮ್ಮ ಎದ್ದಿದ್ದಾಳಂತೆ ಎಂದು ಮೊದಲು ಬಸ್ಸಿನ ಕಂಡಕ್ಟರ್ ಹೇಳಿದ. ಆಮೇಲೆ ಆ ಕಡೆಯ ಸಂತೆ ನಿಂತಿತು. ಬೇಸಿಗೆ ಏರಿದಂತೆ ಅದೂ ಮೇಲೆ ಮೇಲೆ ಏರಿತು. ವಿರಾಜಪೇಟೆ ಕಡೆಯ ಎರಡು ತೋಟದವರು ನಾವು ಬರುವುದಿಲ್ಲ ಎಂದು ಹೇಳಿ ಕಳಿಸಿದರು. ಇನ್ನೊಂದು ತೋಟದವರು, ನೀವು ಬರಬೇಡಿ ಎಂದರು. ನಮ್ಮ ಕೊಡಗು ಆಗ ತನ್ನದೇ ಒಂದು ರಾಜ್ಯ, ಸರ್ಕಾರವೆಂದರೆ ಮಡಿಕೇರಿ. ಅಲ್ಲಿ ಬೆಳಿಗ್ಗೆ ಹೊರಟ ಹುಕುಂ ಮಧ್ಯಾಹ್ನ ನಮ್ಮ ಗೇಟಿಗೆ ಮುಟ್ಟುತ್ತಿತ್ತು. ಪಂದ್ಯಗಳು ಒಂದೊಂದಾಗಿ ಉದುರಿದವು. ನಮ್ಮ ತೋಟದ ಲೈನಿನಲ್ಲಿ ತಮಿಳು ಹೆಂಗಸರು ಒಗ್ಗರಣೆ ನಿಲ್ಲಿಸಿದರು, ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದರು. ಕಾಯಿಲೆ ಬಂದಿರಲಿಲ್ಲ, ಬರಬಾರದೆಂದು.

ಕೊನೆಗೆ ಉಳಿದದ್ದು ಒಂದೇ ಪಂದ್ಯ. ಗುಡ್ಡದಾಚೆಯ ತೋಟದವರ ಜೊತೆ, ನಮ್ಮದೇ ಮೈದಾನದಲ್ಲಿ.

ಅದೇ ದಿನಗಳಲ್ಲಿ ಅಣ್ಣನಿಂದ ಮಾತು ಬಂತು. ತಂದವನು ಕಂಡಕ್ಟರ್. ಟಿಕೆಟಿನ ಚೀಲವನ್ನು ಹೆಗಲಿಗೆ ಸರಿಸಿಕೊಳ್ಳುತ್ತಾ, "ನಿಮ್ಮಣ್ಣ ಸಿಕ್ಕಿದ್ರು. ಮುಂಗಾರಿಗೆ ಗದ್ದೆಗೊಬ್ಬ ಆಳು ಬೇಕಂತೆ. ಆಟ ಮುಗಿದಿದ್ರೆ ಬರ್ಲಿ ಅಂದ್ರು" ಎಂದ.

ತಮ್ಮ ಬರಲಿ ಎಂದಿದ್ದರೆ ಆ ಮಾತು ಬೇರೆ. ಆಳು ಬೇಕಂತೆ. ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ತಲೆ ಎತ್ತದೆ, "ಅಲ್ಲಿಗೆ ಹೋದ್ರೆ ನಂಗೆಂತ ಕಷ್ಟ ಇಲ್ಲೆ. ನಿಮಿಗೇ ಕಷ್ಟ" ಎಂದಳು.

"ಹೋಗೋದಿಲ್ಲ. ಗೆಲ್ತೇವೆ."

"ಗೊತ್ತುಟ್ಟು" ಎಂದಳು. ನಂಬಿದಂತೆ ಇರಲಿಲ್ಲ ಆ ದನಿ.

ಪಂದ್ಯಕ್ಕೆ ಒಂದು ವಾರ ಇರುವಾಗ ಮಡಿಕೇರಿಯಿಂದ ಸಿಡುಬಿನ ದಾಕು ಹಾಕುವವನು ಬಂದ. ಮಂಗಳೂರು ಕಡೆಯವನು, ತಮಾಷೆಯ ಮನುಷ್ಯ. ಕಣದಲ್ಲಿ ಮೇಜು ಹಾಕಿಸಿ ಲೈನಿನವರನ್ನೆಲ್ಲ ಸಾಲು ನಿಲ್ಲಿಸಿದ. ತೋಳಿನ ಮೇಲೆ ಮದ್ದಿನ ಹನಿ ಇಟ್ಟು, ಹಲ್ಲಿರುವ ಒಂದು ಸಣ್ಣ ಬಿಲ್ಲೆಯನ್ನು ಒತ್ತಿ ಗರಕ್ಕನೆ ತಿರುಗಿಸುವುದು ಅವನ ಕ್ರಮ. ಬಲವಾದ ಗಂಡಸರೂ ಕಣ್ಣು ಮುಚ್ಚುತ್ತಿದ್ದರು.

"ಯಾವ ಕೈ?" ಎಂದು ಅವನು ಪ್ರತಿಯೊಬ್ಬರನ್ನೂ ಕೇಳುತ್ತಿದ್ದ. "ಒಂದು ವಾರಕ್ಕೆ ಬಾತು ಜ್ವರ ಬರ್ತದೆ ಮಾರಾಯ್ರೆ. ಬೇಕಾದ ಕೈ ಉಳಿಸ್ಕೊಳ್ಳಿ, ಬೇಡದ ಕೈ ಕೊಡಿ."

ಬೇಡದ ಕೈ ಯಾವುದು? ಇದನ್ನೂ ಕೇಳಬೇಕೆ? ಕತ್ತಿ ಹಿಡಿಯುವುದು ಬಲಗೈ. ಉಣ್ಣುವುದು, ಕೊಡುವುದು, ತೆಗೆದುಕೊಳ್ಳುವುದು ಬಲಗೈ. ಎಡಗೈಯಲ್ಲಿ ಏನಾದರೂ ಕೊಟ್ಟರೆ ನಮ್ಮಲ್ಲಿ ಸಣ್ಣ ಮಕ್ಕಳಿಗೂ ಬೈಗುಳ. ಸಾಲಿನಲ್ಲಿದ್ದ ನಾವು ಆಟಗಾರರೆಲ್ಲ ಒಬ್ಬರ ಹಿಂದೆ ಒಬ್ಬರು ಎಡದ ತೋಳು ಮಡಚಿ ಮುಂದೆ ನೀಡಿದೆವು. ಬಲಗೈ ಉಳಿಯಿತು, ಪಂದ್ಯಕ್ಕೆ ತೊಂದರೆಯಿಲ್ಲ ಎಂದು ಸಮಾಧಾನ ಪಟ್ಟುಕೊಂಡೆವು. ಗೋಲು ಕಾಯುವ ನಮ್ಮ ಗೋಲಿ ಜಂಬದಿಂದ, "ಎಡಗೈಗೆ ಎರಡು ಸಲ ಹಾಕಿ ಬೇಕಾದ್ರೆ" ಎಂದ.

ನಮ್ಮ ಕ್ಯಾಪ್ಟನ್ ಆ ದಿನ ಊರಲ್ಲಿರಲಿಲ್ಲ. ಸೈನ್ಯದಲ್ಲಿದ್ದು ನಿವೃತ್ತರಾದ ಕೊಡವರು, ಸೆಂಟರ್ ಹಾಫ್ ಆಡುವವರು. ನಾವೆಲ್ಲ ಹವಾಲ್ದಾರ್ರೇ ಎಂದೇ ಕರೆಯುತ್ತಿದ್ದೆವು. ಪಿಂಚಣಿ ಕೆಲಸಕ್ಕೆ ಮಡಿಕೇರಿಗೆ ಹೋದವರು ಅಲ್ಲಿಯೇ ದಾಕು ಹಾಕಿಸಿಕೊಂಡು ನಾಲ್ಕು ದಿನ ಬಿಟ್ಟು ಬಂದರು. ಸಂಜೆ ಪ್ರಾಕ್ಟೀಸಿಗೆ ಎಲ್ಲರೂ ಕೋಲು ಹಿಡಿದು ಮೈದಾನಕ್ಕಿಳಿದೆವು. ಚೆಂಡು ನನ್ನ ಕಡೆ ಬಂತು. ತಡೆಯಲು ಕೋಲು ತಿರುಗಿಸಿದೆ. ತೋಳಿನಿಂದ ಕಿವಿಯವರೆಗೆ ಬೆಂಕಿ ಹಾಯ್ದಂತಾಯಿತು. ಕೋಲು ಬಿದ್ದೇ ಹೋಯಿತು. ಅತ್ತ ನೋಡಿದರೆ ಮುಂದಿನ ಸಾಲಿನಲ್ಲಿ ಆಡುವ ನಮ್ಮ ಲೆಫ್ಟ್ ಇನ್ ಕೂಡಾ ತೋಳು ಹಿಡಿದು ಕುಳಿತಿದ್ದಾನೆ.

ಹವಾಲ್ದಾರ್ರು ಒಬ್ಬೊಬ್ಬರ ತೋಳನ್ನೂ ನೋಡುತ್ತಾ ಬಂದರು. ಎಡ, ಎಡ, ಎಡ. ಕೊನೆಯವನನ್ನು ನೋಡಿ ಮುಗಿಸಿ, ಟೋಪಿ ತೆಗೆದು ನೆಲಕ್ಕೆ ಬಡಿದರು.

"ಹಾಕಿ ಆಡೋದು ಯಾವ ಕೈಲಿ? ಹೇಳ್ರೋ!"

 ಕೋಲನ್ನು ಕೈಗೆತ್ತಿಕೊಂಡು ನಾನೇ ನೋಡಿದೆ. ಮೇಲೆ ಹಿಡಿದಿರುವುದು ಎಡಗೈ. ಕೋಲು ತಿರುಗಿಸುವುದು, ಚೆಂಡನ್ನು ಅಲ್ಲಿಂದಿಲ್ಲಿಗೆ ಹೊರಳಿಸುವುದು ಎಲ್ಲಾ ಎಡಗೈ. ಬಲಗೈ ಕೆಳಗೆ ಬರೀ ಒತ್ತು ಕೊಡುತ್ತದೆ. ಬುದ್ಧಿ ತಿಳಿದಾಗಿನಿಂದ ಕೋಲು ಹಿಡಿದವರು ನಾವು. ಆದರೂ ಕೈ ಕೊಡುವ ಹೊತ್ತಿಗೆ ಕತ್ತಿ ಹಿಡಿಯುವವರಂತೆ ಕೊಟ್ಟುಬಿಟ್ಟಿದ್ದೆವು.

"ನಾನು ಬಲಗೈಗೆ ಹಾಕಿಸ್ಕೊಂಡು ಬಂದಿದೀನಿ" ಎಂದರು ಹವಾಲ್ದಾರ್ರು. "ನನ್ನ ಟೀಮಿನವರಿಗೂ ಅಷ್ಟು ಅಕಲ್ ಇರ್ತದೆ ಅಂದ್ಕೊಂಡಿದ್ದೆ."

"ಪಂದ್ಯ ಮುಂದೆ ಹಾಕಿದ್ರೆ?" ಎಂದ ಗೋಲಿ.

"ಎಲ್ಲಿಗೆ ಹಾಕ್ತೀಯ? ನಾಳೆ ಸಂತೆ ಮುಚ್ತಾರೆ, ನಾಡಿದ್ದು ರೋಡು ಮುಚ್ತಾರೆ. ಈಗ ಇಲ್ಲ ಅಂದ್ರೆ ಇಲ್ಲ."

ಪಂದ್ಯದ ದಿನ ನನಗೆ ಜ್ವರ. ತೋಳು ಹಲಸಿನ ಎಳೆಕಾಯಿಯಂತೆ ಬಿಗಿದಿತ್ತು. ಹೆಂಡತಿ ಬಿಸಿನೀರಿನ ಬಟ್ಟೆ ಇಡಲು ಬಂದರೆ ಮುಟ್ಟಗೊಡಲಿಲ್ಲ. ಮೈದಾನದ ಸುತ್ತ ಜನ ಎಂದಿನ ಅರ್ಧವೂ ಇರಲಿಲ್ಲ. ಇದ್ದವರೂ ಒಬ್ಬರಿಗೊಬ್ಬರು ದೂರ ನಿಂತಿದ್ದರು. ಯಾರಾದರೂ ಕೆಮ್ಮಿದರೆ ತಲೆಗಳು ಆ ಕಡೆ ತಿರುಗುತ್ತಿದ್ದವು. ಮ್ಯಾನೇಜರು ಬೆತ್ತದ ಕುರ್ಚಿಯಲ್ಲಿ ಬಂದು ಕುಳಿತರು. ಗುಡ್ಡದಾಚೆಯವರು ದಾಕು ಹಾಕಿಸಿಕೊಂಡು ತಿಂಗಳಾಗಿತ್ತಂತೆ. ಗಾಯ ಒಣಗಿ, ಲವಲವಿಕೆಯಿಂದ ಓಡಾಡುತ್ತಿದ್ದರು. ಅವರ ಸೆಂಟರ್ ಫಾರ್ವರ್ಡ್ ನನ್ನ ಹತ್ತಿರ ಬಂದು, "ಎಂತ ಗೌಡ್ರೆ, ಇವತ್ತು ಎಷ್ಟು ಬೇಕು?" ಎಂದು ನಕ್ಕ.

ಆಟಕ್ಕೆ ಮೊದಲು ಹವಾಲ್ದಾರ್ರು ನಮ್ಮನ್ನು ಸುತ್ತ ನಿಲ್ಲಿಸಿ ಹೇಳಿದ್ದು ಇಷ್ಟೇ: "ಚೆಂಡನ್ನ ಇಟ್ಕೊಂಡ್ರೆ ನೋವು. ಬಿಟ್ರೆ ನೋವಿಲ್ಲ. ಬಂದ ಕೂಡ್ಲೇ ಪಕ್ಕದವನಿಗೆ ತಳ್ಳಿ. ಯಾರೂ ಒಬ್ಬನೇ ಹೋಗೋ ಹಾಗಿಲ್ಲ."

ಇದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ನಾವು ಸೋಲುತ್ತಿದ್ದದ್ದು ಆಟ ಬಾರದೆ ಅಲ್ಲ. ಒಬ್ಬೊಬ್ಬನೂ ತನ್ನ ಊರಿನಲ್ಲಿ ಹೆಸರು ಮಾಡಿದವನು, ಅದಕ್ಕೇ ಕರೆಸಿಕೊಂಡವನು. ಕುರ್ಚಿಯಲ್ಲಿ ಕುಳಿತವರ ಕಣ್ಣು ತನ್ನ ಮೇಲೆ ಬೀಳಲಿ, ತನ್ನ ಮನೆ ಉಳಿಯಲಿ ಎಂದು ಚೆಂಡು ಸಿಕ್ಕಿದವನು ಬಿಡುತ್ತಿರಲಿಲ್ಲ. ಇಬ್ಬರನ್ನು ದಾಟಿ ಮೂರನೆಯವನ ಹತ್ತಿರ ಕಳೆದುಕೊಳ್ಳುವುದು. ಬ್ಯಾಕ್ ಆದ ನಾನೂ ಎಷ್ಟೋ ಸಲ ಮುಂದೆ ನುಗ್ಗಿದ್ದುಂಟು. ಹವಾಲ್ದಾರ್ರು ಎಷ್ಟು ಬೈದರೂ ನಿಂತಿರಲಿಲ್ಲ ಅದು.

ಆ ದಿನ ಯಾರಿಗೂ ಚೆಂಡು ಬೇಡ. ಬಂದರೆ ಕೆಂಡ ಬಂದಂತೆ ಪಕ್ಕಕ್ಕೆ ದೂಡುವುದು. ಅವನು ಇನ್ನೊಬ್ಬನಿಗೆ, ಅವನು ಮತ್ತೊಬ್ಬನಿಗೆ. ಗುಡ್ಡದಾಚೆಯವರು ಒಬ್ಬನ ಮೇಲೆ ಬೀಳುವಷ್ಟರಲ್ಲಿ ಚೆಂಡು ಅಲ್ಲಿರುತ್ತಿರಲಿಲ್ಲ. ಮೊದಲು ನಮಗೇ ತಿಳಿಯಲಿಲ್ಲ. ಸುಮಾರು ಹೊತ್ತಾದ ಮೇಲೆ ಹಾಗೇ ಅನ್ನಿಸಿತು, ಇನ್ನೂ ಗೋಲು ತಿಂದಿಲ್ಲವಲ್ಲ.

ಅರ್ಧ ಆಟಕ್ಕೆ ಇಬ್ಬರದೂ ಏನೂ ಇಲ್ಲ. ಲೈನಿನ ಹೆಂಗಸರು ನೀರು ತಂದರು. ಒಬ್ಬಳು ನನ್ನ ಮುಖ ನೋಡಿ ಎಷ್ಟು ಎಂದು ಕೇಳಹೋಗಿ ಬಾಯಿ ಮುಚ್ಚಿಕೊಂಡಳು.

ಎರಡನೇ ಅರ್ಧದಲ್ಲಿ ಅವರ ಸೆಂಟರ್ ಫಾರ್ವರ್ಡ್ ಚೆಂಡು ತೆಗೆದುಕೊಂಡು ನನ್ನ ಮೇಲೇ ಬಂದ. ನನ್ನ ತೋಳು ಅವನಿಗೆ ಗೊತ್ತಾಗಿತ್ತು. ಎಡಕ್ಕೆ ಎಳೆದರೆ ನಾನು ಕೋಲು ತಿರುಗಿಸಲಾರೆ ಎಂದು ಲೆಕ್ಕ ಹಾಕಿದ್ದ. ಎಳೆದ. ನಾನು ಕೋಲು ತಿರುಗಿಸಲಿಲ್ಲ, ಬಲಗೈ ಒಂದರಲ್ಲೇ ಕೋಲನ್ನು ನೆಲಕ್ಕೆ ಅಡ್ಡ ಹಾಸಿ ಮಂಡಿಯೂರಿಬಿಟ್ಟೆ. ಚೆಂಡು ಕೋಲಿಗೆ ಬಡಿದು ನಿಂತಿತು. ಎದ್ದವನು ಹಾಗೇ ಹವಾಲ್ದಾರ್ರಿಗೆ ತಳ್ಳಿದೆ. ಅವರ ಎಡಗೈ ಗಟ್ಟಿಯಿತ್ತಲ್ಲ. ಇಡೀ ತಂಡದಲ್ಲಿ ಚೆಂಡನ್ನು ಕೊಂಡೊಯ್ಯಬಲ್ಲವರು ಅವರೊಬ್ಬರೇ. ಆದರೆ ಅವರೂ ಒಯ್ಯಲಿಲ್ಲ. ಎರಡು ಹೆಜ್ಜೆಗೆ ಲೆಫ್ಟ್ ಇನ್‌ಗೆ ಬಿಟ್ಟರು, ಅವನು ನೋವಿಗೆ ಹಲ್ಲು ಕಚ್ಚಿಕೊಂಡು ಒಳಗೆ ತಳ್ಳಿದ, ಅಲ್ಲಿ ಯಾರದೋ ಕೋಲು ತಗುಲಿತು, ಗೋಲಿನ ಹಲಗೆ ಠಪ್ ಎಂದಿತು.

ಕೂಗಲೂ ಮರೆತು ನಿಂತೆವು. ಮೊದಲು ಕೂಗಿದ್ದು ಬಾವಿಕಟ್ಟೆಯ ಹೆಂಗಸರು.

ಆಮೇಲಿನ ಹೊತ್ತು ನನ್ನ ಬದುಕಿನಲ್ಲೇ ಉದ್ದವಾದದ್ದು. ಗುಡ್ಡದಾಚೆಯವರು ಹನ್ನೊಂದು ಜನವೂ ನಮ್ಮ ಮೇಲೆ ಬಂದರು. ಹವಾಲ್ದಾರ್ರು ಮಾತು ಮಾತಿಗೆ ಅಂಪೈರರನ್ನು ಕೇಳುತ್ತಿದ್ದರು, "ಎಷ್ಟು ಹೊತ್ತು ಸರ್?" ಅಂಪೈರು ಸೋಮವಾರಪೇಟೆಯ ಒಬ್ಬ ಮೇಷ್ಟ್ರು, ನೇಮದ ಮನುಷ್ಯ. "ಇದೆ, ಆಡಿ" ಎನ್ನುತ್ತಿದ್ದರು. ನನ್ನ ಕಣ್ಣಿಗೆ ಕತ್ತಲೆ ಬರುತ್ತಿತ್ತು. ಒಂದೊಂದು ಸಲ ಚೆಂಡು ಎರಡಾಗಿ ಕಾಣುತ್ತಿತ್ತು, ನಾನು ಎರಡಕ್ಕೂ ಅಡ್ಡ ಬೀಳುತ್ತಿದ್ದೆ.

ಆಗ ಮಾದಾಪುರದ ರಸ್ತೆಯಿಂದ ಜೀಪಿನ ಸದ್ದು ಬಂತು.

ಜೀಪು ಮೈದಾನದೊಳಕ್ಕೇ ಬಂದು ನಿಂತಿತು. ಇಳಿದವರು ಹೆಲ್ತ್ ಇನ್ಸ್‌ಪೆಕ್ಟರು, ಜೊತೆಗೆ ಪೊಲೀಸು. "ಪಕ್ಕದ ತೋಟದಲ್ಲಿ ಇವತ್ತು ಬೆಳಿಗ್ಗೆ ಇಬ್ಬರಿಗೆ ಎದ್ದಿದೆ. ಜನ ಸೇರೋ ಹಾಗಿಲ್ಲ. ಎಲ್ಲರೂ ಈಗಲೇ ಮನೆಗೆ ಹೋಗಿ."

ಹವಾಲ್ದಾರ್ರು ಅಟೆನ್ಶನ್ನಿನಲ್ಲಿ ನಿಂತು, "ಸಾಬ್, ಸ್ವಲ್ಪ ಹೊತ್ತು. ಮುಗೀತಾ ಬಂತು" ಎಂದರು.

"ಅಮ್ಮ ಸ್ವಲ್ಪ ಹೊತ್ತು ಕಾಯ್ತಾಳೇನ್ರಿ?"

ಗುಡ್ಡದಾಚೆಯ ಕ್ಯಾಪ್ಟನ್ ಕೂಡಾ ಹೇಳಿದ, ಅವನ ಮಾತು ಮರೆಯಬಾರದು: "ಮುಗಿಸಿಬಿಡೋಣ ಸರ್, ಹೀಗೆ ಬಿಟ್ರೆ ನಮಗೂ ಸರಿ ಅಲ್ಲ." ಇನ್ಸ್‌ಪೆಕ್ಟರು ಕೇಳಲಿಲ್ಲ. ಅವರು ಕೇಳಲೂಬಾರದು, ಅದೂ ನನಗೆ ಗೊತ್ತು. ಅಂಪೈರು ಸೀಟಿ ಊದಿದರು. ಮುಗಿಯದ ಪಂದ್ಯಕ್ಕೆ ಫಲಿತಾಂಶವಿಲ್ಲ ಎಂದರು. ಜನ ಚದುರಿದರು. ಕೋಲುಗಳನ್ನು ಹುಲ್ಲಿನ ಮೇಲೆ ಎಸೆದು ನಾವು ಹಾಗೇ ನಿಂತಿದ್ದೆವು.

ಹವಾಲ್ದಾರ್ರು ಬಾಯಿಬಿಟ್ಟು ಬೇಡುವವರಲ್ಲ. ನಾನೇ ಮ್ಯಾನೇಜರ ಕುರ್ಚಿಯ ಹತ್ತಿರ ಹೋದೆ.

"ಸರ್, ಗೆಲ್ತಾ ಇದ್ದೆವು."

"ಗೆಲ್ತಾ ಇದ್ರಿ. ನಾನೂ ನೋಡ್ದೆ."

"ಹಾಗಾದ್ರೆ ಗೆದ್ದ ಹಾಗೇ ಅಲ್ವಾ? ನೀವು ಒಪ್ಪಿದ್ರೆ ಸಾಕು."

ಅವರು ಕುರ್ಚಿಯಿಂದ ಎದ್ದರು. "ಸುಳ್ಳು ಒಪ್ಪಿಗೆ ಕೊಟ್ಟು ನಿನ್ನನ್ನ ಒಂದು ವರ್ಷ ಇಟ್ಕೊಂಡ್ರೆ ನಿನಗೇ ಮರ್ಯಾದೆ ಅನ್ನಿಸ್ತದಾ?" ಎಂದರು.  ಅವರ ಕಣ್ಣು ನನ್ನ ತೋಳಿನ ಮೇಲೆ ಹೋಯಿತು. "ಆ ಕೈ ಏನದು?"

ಹೇಳಿದೆ. ಎಲ್ಲರದೂ ಎಡಗೈಯೇ ಎಂದಾಗ ಅವರು ಮೊದಲ ಸಲ ನಕ್ಕದ್ದನ್ನು ನೋಡಿದೆ. ಅಪಹಾಸ್ಯದ ನಗೆಯಲ್ಲ.

"ಅಂದ್ರೆ ಬಲಗೈ ಸರಿಯಿದೆ."

"ಇದೆ ಸರ್."

"ಗಿಡಕಸಿಗೆ ಜನ ಸಾಲದು. ಕತ್ತಿ ಹಿಡಿಯೋದಾದ್ರೆ ನಾಳೆಯಿಂದ ಬಾ. ಮನೆ ಬಿಡೋದು ಬೇಡ. ತಂಡ ಮಾತ್ರ ಇಲ್ಲ."

ಕಾಫಿ ಗಿಡದ ಬೇಡದ ರೆಂಬೆ ಸವರುವ ಕೆಲಸ ಗಿಡಕಸಿ. ಬೆಳಿಗ್ಗೆ ಲೈನಿನ ಗಂಡಸರ ಜೊತೆ ಸಾಲಿನಲ್ಲಿ ನಿಂತೆ. ಎಡಗೈಯನ್ನು ಎದೆಗೆ ಕಟ್ಟಿಕೊಂಡಿದ್ದೆ. "ಕೋಲು ಸಂಬಳದವ್ರು ಬಂದ್ರಪ್ಪೋ" ಎಂದು ಒಬ್ಬ ಕೂಗಿದ. ಸಂಜೆಗೆ ನನ್ನ ಸಾಲು ಅವನ ಸಾಲಿಗಿಂತ ಮುಂದಿತ್ತು. ಆಮೇಲೆ ಅವನು ಕೂಗಲಿಲ್ಲ.

ಎರಡು ದಿನದಲ್ಲಿ ಗೇಟು ಮುಚ್ಚಿದರು. ಒಳಗಿನವರು ಹೊರಗಿಲ್ಲ, ಹೊರಗಿನವರು ಒಳಗಿಲ್ಲ. ಬಸ್ಸೂ ನಿಂತಿತು. ನಮ್ಮ ಲೈನಿನಲ್ಲಿ ಅಮ್ಮ ಏಳಲಿಲ್ಲ, ಆದರೆ ಪ್ರತಿ ಬೆಳಿಗ್ಗೆ ಮಕ್ಕಳ ಹಣೆ ಮುಟ್ಟಿ ನೋಡಿ ಕೆಲಸಕ್ಕೆ ಹೊರಡುವ ದಿನಗಳು ಅವು.

ಒಂದು ಮಧ್ಯಾಹ್ನ ಗೇಟಿನ ಕಾವಲುಗಾರ ಕರೆದ. ಗೇಟಿನಾಚೆ, ರಸ್ತೆಯ ಅಂಚಿನಲ್ಲಿ, ತಲೆಯ ಮೇಲಿನಿಂದ ಅಕ್ಕಿಮೂಟೆ ಇಳಿಸಿ ನಿಂತಿದ್ದವನು ಅಣ್ಣ. ಬಸ್ಸಿಲ್ಲದ ದಾರಿ, ನಡೆದೇ ಬಂದಿದ್ದ. ಕಾವಲುಗಾರ ನಮ್ಮಿಬ್ಬರ ನಡುವೆ ಕೋಲು ಅಡ್ಡ ಹಿಡಿದ.

"ಸೋತೆಂತ ಕೇಳ್ದೆ" ಎಂದು ಅಣ್ಣ ಅಲ್ಲಿಂದಲೇ ಕೂಗಿದ.

"ಸೋಲ್ಲಿಲ್ಲೆ."

"ಗೆದ್ದಿಯಾ?"

"ಇಲ್ಲೆ."

"ಮತ್ತೆಂತ?"

"ನಿಂತುಹೋತು."

ಅಣ್ಣ ಕತ್ತಿನ ಬೆವರು ಒರೆಸಿಕೊಂಡ. "ಈಗ ಎಂತ ಮಾಡ್ತಿದ್ದಿ?"

"ಗಿಡಕಸಿ. ಕೋಲಿಗೆ ಸಂಬಳ ಇಲ್ಲ ಇನ್ನು." ಹೇಳಿಬಿಟ್ಟೆ. ಹೇಳಿ, ಅವನ ಬಾಯಿಂದ ಆ ಹಳೆಯ ಮಾತು ಬರುವುದಕ್ಕೆ ಕಾದೆ. ನಾನೇ ಮುಂದಾಗಿ, "ಆಳಾಗಿ ಬರೋಕೆ ಆಗೋದಿಲ್ಲ ಅಣ್ಣ. ನಾಟಿಗೆ ಬೇಕಾದ್ರೆ ಬರ್ತೇನೆ, ತಮ್ಮ ಆಗಿ. ಗೇಟು ತೆಗೆದ ಮೇಲೆ" ಎಂದೆ.

ಅಣ್ಣ ಅಂಗಿಯ ತೋಳು ಮೇಲೆತ್ತಿ ತೋರಿಸಿದ. ದಾಕಿನ ಗಾಯ ಕಪ್ಪಾಗಿ ಒಣಗುತ್ತಿತ್ತು. ಎಡಗೈ.

"ನಿಂದು?" ಎಂದ.

ನಾನೂ ತೋರಿಸಿದೆ. ಕಾವಲುಗಾರ ಅದನ್ನೂ ಇದನ್ನೂ ನೋಡಿ ಮುಖ ತಿರುಗಿಸಿಕೊಂಡ.

ಅಣ್ಣ ಮೂಟೆಯನ್ನು ಗೇಟಿನ ಬುಡಕ್ಕೆ ಕಾಲಿನಿಂದ ತಳ್ಳಿ, ಹಿಂದೆ ಸರಿದು ನಿಂತ. ನಾನು ಹೋಗಿ ತೆಗೆದುಕೊಳ್ಳುವವರೆಗೂ ಅಲ್ಲಿಯೇ ಇದ್ದ. ಹೊರಟವನು ತಿರುವಿನಲ್ಲಿ ನಿಂತು ಕೇಳಿದ, "ಆ ಕೋಲು ಎಂತ ಮಾಡ್ದೆ?"

"ಬಾಗ್ಲ ಮೂಲೇಲಿ ಉಟ್ಟು."

"ಇರ್ಲಿ" ಎಂದು ಹೇಳಿ ಇಳಿಜಾರಿನಲ್ಲಿ ಹೋದ.